ಅಪ್‌ಡೇಟ್: ಫೇರ್‌ಫೋನ್ 5 ಬಿಟ್ಟು ಪಿಕ್ಸೆಲ್ 8ಎ ಕೊಂಡೆ

ಭದ್ರತಾ ಅಪ್‌ಡೇಟ್ ನಿಂತುಹೋದ ಹಳೆಯ ಫೋನಿನ ಬದಲಿಗೆ ಫೇರ್‌ಫೋನ್ 5 ತರಿಸಿಕೊಳ್ಳಲೇ, ಇಲ್ಲವೇ ಗೂಗಲ್‌ನ ಪಿಕ್ಸೆಲ್ 8ಎ ಕೊಂಡು ಗ್ರಾಫೀನ್‌ಓಎಸ್ (ಭದ್ರತೆ, ಖಾಸಗಿತನಕ್ಕೆ ಒತ್ತು ಕೊಡುವ, ಆಂಡ್ರಾಯ್ಡ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ) ಹಾಕಿಕೊಳ್ಳಲೇ ಎಂದು ಎರಡು ತಿಂಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ನನ್ನ ಮನಸ್ಸು ಫೇರ್‌ಫೋನ್ ಕಡೆಗೇ ಇತ್ತು. ಹಿಂಬದಿಯ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ ಬ್ಯಾಟರಿ ಬದಲಿಸಬಹುದು. ಒಂದು ಸ್ಕ್ರೂಡ್ರೈವರ್ ಇದ್ದರೆ ಪರದೆ, ಕ್ಯಾಮೆರಾಗಳನ್ನೂ ಮನೆಯಲ್ಲೇ ಬಿಚ್ಚಿ ಹಾಕಬಹುದು. ಆದರೆ ಭಾರತದಲ್ಲಿ ಅದರ ಅಧಿಕೃತ ಮಾರಾಟವಿಲ್ಲದ ಕಾರಣ, ಸಣ್ಣ ಬಿಡಿಭಾಗಕ್ಕೂ ಯುರೋಪಿನಿಂದ ಯಾರಾದರೂ ಬರುವುದನ್ನು ಕಾಯಬೇಕು. ಪಿಕ್ಸೆಲ್‌ನ ಬ್ಯಾಟರಿಯನ್ನು ಅಂಟಿನಿಂದ ಕೂರಿಸಿದ್ದರೂ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅದನ್ನು ಬಿಚ್ಚಬಲ್ಲ ಪಳಗಿದ ಕೈಗಳಿವೆ.

ಭದ್ರತೆಯೇ ಕೊನೆಗೆ ನಿರ್ಣಾಯಕವಾಯಿತು. 2024ರಲ್ಲಿ ಬಂದ 8ಎಗೆ ಏಳು ವರ್ಷಗಳ ಅಪ್‌ಡೇಟ್ ಭರವಸೆಯಿದೆ. ಗ್ರಾಫೀನ್‌ಓಎಸ್ ಹಾಕಿದ ಮೇಲೂ ಬೂಟ್‌ಲೋಡರನ್ನು (ಫೋನ್ ಆನ್ ಆಗುವಾಗ ಕಾರ್ಯಾಚರಣಾ ವ್ಯವಸ್ಥೆಯನ್ನು ಪರಿಶೀಲಿಸಿ ಶುರುಮಾಡುವ ತಂತ್ರಾಂಶ) ಮತ್ತೆ ಲಾಕ್ ಮಾಡಬಹುದು. ಫೋನ್ ಆನ್ ಮಾಡಿದಾಗಲೆಲ್ಲ ಹಳದಿ ಎಚ್ಚರಿಕೆಯೊಂದಿಗೆ, ಆ ವ್ಯವಸ್ಥೆಗೆ ಸಹಿ ಹಾಕಿದ ಡಿಜಿಟಲ್ ಕೀಲಿಯ ಹ್ಯಾಶ್ (ಬೆರಳಚ್ಚಿನಂತೆ ಅದನ್ನು ಗುರುತಿಸುವ ಅಕ್ಷರ-ಅಂಕೆಗಳ ಸಾಲು) ಮೂಡುತ್ತದೆ. ಮೊದಲ ದಿನ ಅದನ್ನು ಗ್ರಾಫೀನ್‌ಓಎಸ್ ಯೋಜನೆಯವರು ಪ್ರಕಟಿಸಿರುವ ಹ್ಯಾಶ್‌ನೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದೆ.

ಖಾಸಗಿತನದ ವಿಷಯದಲ್ಲಿ ನನಗೆ ತುಂಬಾ ಹಿಡಿಸಿದ್ದು, ಆಪ್ ಹಾಕುವಾಗಲೇ ಅದಕ್ಕೆ ಇಂಟರ್‌ನೆಟ್ ಬೇಕೇ ಎಂದು ಕೇಳುವ ಗ್ರಾಫೀನ್‌ಓಎಸ್‌ನ ಪದ್ಧತಿ. ನನ್ನ ಕನ್ನಡ ಕೀಬೋರ್ಡಿಗೆ ಇಂಟರ್‌ನೆಟ್ ಕೊಟ್ಟಿಲ್ಲ. ಒತ್ತಕ್ಷರಗಳೆಲ್ಲ ಮೊದಲಿನಂತೆಯೇ ಮೂಡುತ್ತಿವೆ.

ಎರಡು ಬ್ಯಾಂಕ್ ಆಪ್‌ಗಳಲ್ಲಿ ಒಂದು ಮಾತ್ರ ಈ ಫೋನಿನಲ್ಲಿ ತೆರೆಯಲಿಲ್ಲ. ಸದ್ಯ ಆ ಖಾತೆಯನ್ನು ಬ್ರೌಸರ್‌ನಲ್ಲೇ ನೋಡಿಕೊಳ್ಳುತ್ತಿದ್ದೇನೆ.