ಸಹಾಯ ಬೇಕು: ಈಗಿನ ಹಾಸ್ಟೆಲ್ ಬಿಟ್ಟು ಕ್ರೀಡಾ ಹಾಸ್ಟೆಲ್‌ಗೆ ಹೋಗಬಹುದಾ?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ತುಮಕೂರಿನಲ್ಲಿ ಬಿಕಾಂ ಎರಡನೇ ವರ್ಷ. 800 ಮೀಟರ್ ಓಡುತ್ತಾನೆ. ಬೆಳಗ್ಗೆ ಐದೂವರೆಗೇ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲಿ ಇರುತ್ತಾನೆ. ಓಡಿ ಹಾಸ್ಟೆಲ್‌ಗೆ ಬರುವಷ್ಟರಲ್ಲಿ ತಿಂಡಿ ಖಾಲಿ. ಇದ್ದರೂ ಚಿತ್ರಾನ್ನ, ಉಪ್ಪಿಟ್ಟು. ರಾತ್ರಿ ಮುದ್ದೆ ಸಿಗುತ್ತದೆ, ಅದೊಂದು ಪುಣ್ಯ.

ಕ್ರೀಡಾಪಟುಗಳಿಗೆ ಕೆಜಿ ತೂಕಕ್ಕೆ ದಿನಕ್ಕೆ 1.2ರಿಂದ 2 ಗ್ರಾಂ ಪ್ರೋಟೀನ್ ಬೇಕು. ಇವನು 58 ಕೆಜಿ, ಅಂದರೆ ಕಮ್ಮಿ ಅಂದರೂ 70 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದೇ ಸುಮಾರು 6 ಗ್ರಾಂ! ಮೊಟ್ಟೆ, ಹಾಲು, ಕಡಲೆಬೀಜ ಅಂತ ತಿಂಗಳಿಗೆ ಎರಡು ಸಾವಿರ ದಾಟುತ್ತದೆ. ಅಪ್ಪ ತಿಪಟೂರಿನಲ್ಲಿ ಕಾಯಿ ಸುಲಿಯುವ ಕೆಲಸ ಮಾಡುತ್ತಾರೆ. ಶೂ ಬೇರೆ ಕಿತ್ತುಹೋಗಿದೆ.

ಕಾಲೇಜಿನ ಪಿಇ ಮೇಷ್ಟ್ರನ್ನು ಕೇಳಿದೆವು. ಕ್ರೀಡಾಕೂಟಕ್ಕೆ ಹೋದಾಗ ಮಾತ್ರ ಭತ್ಯೆ, ಪ್ರಾಕ್ಟೀಸಿಗೆ ಇಲ್ಲ ಅಂದರು. ಎಸ್‌ಎಸ್‌ಪಿಯಲ್ಲಿ (ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್) ಬಂದ ವಿದ್ಯಾರ್ಥಿವೇತನ ಫೀಸಿಗೇ ಸರಿಹೋಯಿತು. ಈಗ ಯಾರೋ ಕ್ರೀಡಾ ಇಲಾಖೆಯ ಹಾಸ್ಟೆಲ್‌ಗೆ ಟ್ರೈ ಮಾಡಿ ಅಂದಿದ್ದಾರೆ. ನನಗೆ ತಲೆ ಕೆಟ್ಟಿರುವುದು ಇಲ್ಲೇ. ಇರುವ ಸೀಟು ಬಿಟ್ಟು, ಅಲ್ಲಿ ಸೆಲೆಕ್ಷನ್ ಆಗದಿದ್ದರೆ ಎರಡೂ ಹೋಯಿತು ಅಲ್ವಾ?

ಡಿಗ್ರಿ ಮಧ್ಯದಲ್ಲಿ ಕ್ರೀಡಾ ಹಾಸ್ಟೆಲ್‌ಗೆ ಸೇರಿಸಿಕೊಳ್ಳುತ್ತಾರಾ? ಸೆಲೆಕ್ಷನ್‌ಗೆ ಮುಂಚೆಯೇ ಈಗಿನ ಸೀಟು ಬಿಡಬೇಕಾ? ಮಕ್ಕಳನ್ನು ಸೇರಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.