ಬಲ ಕ್ಲಿಕ್ ಮೆನು ಮೂಡಿದ ಕೂಡಲೇ ಮಾಯ ಆಗ್ತೈತಿ, ಏನ್ ಮಾಡ್ಲಿ?

ಪ್ರಶ್ನೆ (ಹುಬ್ಬಳ್ಳಿ, ವಿದ್ಯಾನಗರ):
ನಮಸ್ಕಾರ್ರಿ ಎಲ್ಲಾರಿಗೂ. ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಗೆ ವೆಬ್ ತಂತ್ರಾಂಶ ಮಾಡಾಕತ್ತೀನಿ. ಒಂದು ಪುಟದಾಗ ಲಾಟ್‌ಗಳ ಟೇಬಲ್ ಐತಿ: ರೈತರ ಹೆಸರು, ತಳಿ ಡಬ್ಬಿನೋ ಕಡ್ಡಿನೋ, ಚೀಲ ಎಷ್ಟು, ತೂಕ, ದರ. ಸುಗ್ಗಿಯಾಗ ದಿನಕ್ಕ 400 ಸಾಲು ದಾಟತಾವ. ಅವರ ಹಳೇ ತಂತ್ರಾಂಶದಾಗ ಸಾಲಿನ ಮ್ಯಾಲೆ ಬಲ ಕ್ಲಿಕ್ ಮಾಡಿದ್ರ ‘ತೂಕ ತಿದ್ದು’, ‘ಪಟ್ಟಿ ಮುದ್ರಿಸು’, ‘ಲಾಟ್ ರದ್ದು’ ಅಂತ ಬರ್ತಿತ್ತು. ಗುಮಾಸ್ತರು ಅದು ಬೇಕೇ ಬೇಕು ಅಂತಾರ.

ಪ್ರತಿ ಸಾಲಿಗೂ ಒಂದೊಂದು ಮೆನು ಬರದು ಪಾಪೋವರ್ (ಪುಟದ ಮ್ಯಾಲೆ ಮೂಡೋ ಪೆಟ್ಟಿಗಿ) ಆಟೋ ಹಚ್ಚೀನಿ. ನನ್ನ ಉಬುಂಟುದಾಗ ಮೆನು ಮೂಡತೈತಿ, ಬೆರಳು ಎತ್ತಿದ ಕೂಡಲೇ ಮಾಯ. ಅಂಗಡಿಯ ವಿಂಡೋಸ್ ಕಂಪ್ಯೂಟರದಾಗ ಬರೋಬ್ಬರಿ ನಿಲ್ತೈತಿ. ಇನ್ನ ಕಡೀ ಸಾಲಿನ ಮ್ಯಾಲೆ ಒತ್ತಿದ್ರ ಅರ್ಧ ಮೆನು ಪರದೆ ಹೊರಗ ಹೋಗ್ತೈತಿ. ಯಾರರ ದಾರಿ ತೋರಸ್ರಿ.

ಉತ್ತರ (ಧಾರವಾಡ, ಇಂಟರ್‌ಫೇಸ್ ಎಂಜಿನಿಯರ್):
ಮೊದಲು ಮಾಯ ಆಗೋ ಮಾತು. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಕಾಂಟೆಕ್ಸ್ಟ್‌ಮೆನು ಇವೆಂಟ್ (ಬಲ ಕ್ಲಿಕ್ ಆಯಿತೆಂದು ಬ್ರೌಸರ್ ಕೊಡುವ ಸೂಚನೆ) ಮೌಸ್ ಗುಂಡಿ ಒತ್ತಿದಾಗಲೇ ಬರುತ್ತದೆ, ವಿಂಡೋಸ್‌ನಲ್ಲಿ ಗುಂಡಿ ಬಿಟ್ಟ ಮೇಲೆ. ಆಟೋ ಪಾಪೋವರ್‌ನ ಸ್ವಭಾವ ಏನೆಂದರೆ ತನ್ನ ಹೊರಗೆ ಒತ್ತಿ ಬಿಟ್ಟರೆ ತಾನೇ ಮುಚ್ಚಿಕೊಳ್ಳುವುದು. ನಿಮ್ಮ ಉಬುಂಟುದಲ್ಲಿ ಒತ್ತಿದಾಗ ಮೆನು ತೆರೆಯಿತು, ಅದೇ ಬೆರಳು ಮೇಲೆದ್ದಾಗ ಬ್ರೌಸರ್ ಅದನ್ನು ಹೊರಗಿನ ಕ್ಲಿಕ್ ಎಂದು ಲೆಕ್ಕ ಹಾಕಿತು. ವಿಂಡೋಸ್‌ನಲ್ಲಿ ಬೆರಳು ಎದ್ದ ಮೇಲೆ ಮೆನು ಬರುವುದರಿಂದ ಈ ತೊಂದರೆ ಕಾಣಲಿಲ್ಲ.

ಆಟೋ ಬಿಟ್ಟು ಪಾಪೋವರ್ ಮ್ಯಾನ್ಯುಯಲ್ ಇಡಿ. ಮುಚ್ಚುವ ಕೆಲಸ ನಿಮ್ಮ ಕೈಗೆ ಬರುತ್ತದೆ: ಹೊರಗೆ ಪಾಯಿಂಟರ್‌ಡೌನ್ ಆದಾಗ (ಮೌಸ್ ಗುಂಡಿ ಅಥವಾ ಬೆರಳು ಒತ್ತಿದಾಗ), ಎಸ್ಕೇಪ್ ಒತ್ತಿದಾಗ, ಪುಟ ಸರಿದಾಗ, ಕಿಟಕಿಯ ಅಳತೆ ಬದಲಾದಾಗ. ಆದರೂ ಪಾಪೋವರನ್ನೇ ಉಳಿಸಿಕೊಳ್ಳಿ ಅನ್ನುತ್ತೇನೆ. ಅದು ಪುಟದ ಎಲ್ಲದರ ಮೇಲಿನ ಪದರದಲ್ಲಿ ಕೂರುತ್ತದೆ. ಬರೀ ಪೊಸಿಷನ್ ಫಿಕ್ಸ್ಡ್ (ಪರದೆಗೆ ಅಂಟಿಸಿ ನಿಲ್ಲಿಸುವ ಶೈಲಿ) ನಂಬಿದರೆ, ಮೇಲಿನ ಯಾವುದೋ ಡಿವ್‌ಗೆ (ಪುಟದ ಒಂದು ಪೆಟ್ಟಿಗೆಗೆ) ಸರಿಸುವ, ತಿರುಗಿಸುವ ಟ್ರಾನ್ಸ್‌ಫಾರ್ಮ್ ಹಚ್ಚಿದ್ದರೂ ಸಾಕು, ಮೆನು ಒತ್ತಿದ ಜಾಗ ಬಿಟ್ಟು ಎಲ್ಲೋ ಹೋಗಿ ನಿಲ್ಲುತ್ತದೆ. ನಾನು ಒಮ್ಮೆ ಇದನ್ನು ಹುಡುಕುತ್ತ ಎರಡು ದಿನ ಕಳೆದಿದ್ದೇನೆ. ಕ್ರೋಮ್ 114, ಸಫಾರಿ 17, ಫೈರ್‌ಫಾಕ್ಸ್ 125ರಿಂದ ಪಾಪೋವರ್ ಸಿಗುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ಬ್ರೌಸರ್ ಎಷ್ಟು ಹಳೆಯದು ಎಂದು ಒಮ್ಮೆ ನೋಡಿ. ಇನ್ನೊಂದು, ಬ್ರೌಸರ್ ತಾನಾಗಿ ಪಾಪೋವರನ್ನು ಪರದೆಯ ನಡುವೆ ಇಡುತ್ತದೆ. ಇನ್‌ಸೆಟ್ ಆಟೋ, ಮಾರ್ಜಿನ್ 0 ಕೊಟ್ಟ ಮೇಲೆಯೇ ನಿಮ್ಮ ಲೆಫ್ಟ್, ಟಾಪ್ ಮಾತು ಕೇಳುತ್ತದೆ.

ಪರದೆ ಹೊರಗೆ ಹೋಗುವುದಕ್ಕೆ ಮದ್ದು ಸರಳ. ಮೊದಲು ಮೆನು ತೆರೆಯಿರಿ, ಆಮೇಲೆ ಅಳೆಯಿರಿ, ಆಮೇಲೆ ಜಾಗಕ್ಕೆ ಸರಿಸಿ. ಮುಚ್ಚಿದ ಮೆನುವಿನ ಅಳತೆ ಸೊನ್ನೆ ಬರುತ್ತದೆ. ಕಿಟಕಿಯ ಎತ್ತರ 650 ಪಿಕ್ಸೆಲ್, ಮೆನು 220, ಒತ್ತಿದ್ದು 560ರಲ್ಲಿ ಅಂದುಕೊಳ್ಳಿ. ಕೂಡಿದರೆ 780, ಹಿಡಿಸುವುದಿಲ್ಲ. ಆಗ 560ರಿಂದ 220 ಕಳೆದು 340ರಲ್ಲಿ ಇಡಿ, ಮೆನು ಮೇಲ್ಮುಖವಾಗಿ ತೆರೆಯುತ್ತದೆ. ಅಡ್ಡಕ್ಕೂ ಇದೇ ಲೆಕ್ಕ.

400 ಮೆನು ಮಾತ್ರ ದಯವಿಟ್ಟು ಬೇಡ. ಒಂದೇ ಮೆನು ಸಾಕು, ಟೇಬಲಿಗೆ ಒಂದೇ ಲಿಸನರ್ (ಇವೆಂಟಿಗೆ ಕಾಯುವ ಕೋಡ್), ಒತ್ತಿದ್ದು ಯಾವ ಸಾಲು ಎಂದು ಕ್ಲೋಸೆಸ್ಟ್ ಎಂಬ ಫಂಕ್ಷನ್ ಹೇಳುತ್ತದೆ. ಇಲ್ಲಿ ಒಂದು ಎಚ್ಚರ. ಮೆನು ತೆರೆದಿರುವಾಗ ಸರ್ವರಿನಿಂದ ಹೊಸ ಲಾಟ್ ಬಂದು ಸಾಲುಗಳು ಕೆಳಗೆ ಜರುಗಬಹುದು. ‘ಮೇಲಿನಿಂದ 12ನೇ ಸಾಲು’ ಎಂದು ನೆನಪಿಟ್ಟುಕೊಂಡಿದ್ದರೆ ಬೇರೆ ರೈತನ ಲಾಟ್ ರದ್ದಾಗುತ್ತದೆ. ಮೆನು ತೆರೆದ ಕ್ಷಣದಲ್ಲೇ ಲಾಟ್ ನಂಬರ್ ಹಿಡಿದಿಟ್ಟುಕೊಳ್ಳಿ, ಕೊನೆಯವರೆಗೂ ಅದೇ ನಡೆಯಲಿ. ರದ್ದು ಮಾಡುವಾಗ ರೈತರ ಹೆಸರು, ಚೀಲದ ಲೆಕ್ಕ ತೋರಿಸಿ ಕೇಳಿ. ವರ್ಷಾವಧಿ ದುಡಿದ ಮಾಲು ಅದು.

ನಾನು ಗಟ್ಟಿಯಾಗಿ ಹೇಳಬೇಕಾದದ್ದು ಇದು: ಬಲ ಕ್ಲಿಕ್ ಮೆನು ಬಳಸುವವರ ಸೊತ್ತು. ಅದನ್ನು ತಡೆದು ನಮ್ಮದನ್ನು ತೋರಿಸುವಾಗ ನಾವು ಅವರಿಂದ ಏನೋ ಕಸಿದುಕೊಳ್ಳುತ್ತಿದ್ದೇವೆ. ಆದ್ದರಿಂದ ಬ್ರೌಸರಿನ ಮೆನು ತಡೆಯುವ ಪ್ರಿವೆಂಟ್‌ಡಿಫಾಲ್ಟ್ ಲಾಟ್ ಸಾಲಿಗೆ ಮಾತ್ರ ಇರಲಿ, ಇಡೀ ಪುಟಕ್ಕೆ ಬೇಡ. ತೂಕ ತುಂಬುವ ಇನ್‌ಪುಟ್ ಪೆಟ್ಟಿಗೆಯ ಮೇಲೆ ಒತ್ತಿದರೆ ಬ್ರೌಸರಿನ ಮೆನುವೇ ಬರಲಿ; ಪೇಸ್ಟ್ ಅಲ್ಲಿರುತ್ತದೆ. ಯಾರಾದರೂ ಹೆಸರನ್ನು ಆಯ್ದು ನಕಲು ಮಾಡಲು ಹೊರಟಿದ್ದರೆ ಅಡ್ಡ ಬರಬೇಡಿ.

ಮರುಪ್ರಶ್ನೆ (ಗದಗ):
ಅಂಗಡಿ ಮಾಲಕರು ಐಫೋನಿನ್ಯಾಗ ನೋಡಿದ್ರ ಬಲ ಕ್ಲಿಕ್ ಎಲ್ಲಿಂದ ಬರಬೇಕ್ರಿ? ಒತ್ತಿ ಹಿಡಿದ್ರ ಆಗ್ತೈತೇನು?

ಉತ್ತರ:
ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಒತ್ತಿ ಹಿಡಿದರೆ ಕಾಂಟೆಕ್ಸ್ಟ್‌ಮೆನು ಇವೆಂಟ್ ಬರುತ್ತದೆ, ಐಫೋನ್ ಸಫಾರಿಯಲ್ಲಿ ಬರುವುದಿಲ್ಲ. ಟೈಮರ್ ಇಟ್ಟು ನಾವೇ ಕಟ್ಟಬಹುದು, ಆದರೆ ಪುಟ ಸರಿಸುವ ಬೆರಳು ಯಾವುದು, ಒತ್ತಿ ಹಿಡಿದ ಬೆರಳು ಯಾವುದು ಎಂದು ಗುರುತಿಸುವುದರಲ್ಲೇ ಹೈರಾಣಾಗುತ್ತೀರಿ. ಪ್ರತಿ ಸಾಲಿನ ಕೊನೆಗೆ ಮೂರು ಚುಕ್ಕಿಯ ಬಟನ್ ಇಡಿ, ಅದೇ ಮೆನುವನ್ನೇ ತೆರೆಯಲಿ. ಫೋನ್ ಇಲ್ಲದಿದ್ದರೂ ಇದು ಬೇಕು. ಬಲ ಕ್ಲಿಕ್ ಮಾಡಬಹುದು ಎಂದು ಪರದೆಯ ಮೇಲೆ ಎಲ್ಲೂ ಬರೆದಿರುವುದಿಲ್ಲ. ನಾಳೆ ಹೊಸದಾಗಿ ಸೇರುವ ಹುಡುಗನಿಗೆ ಗೊತ್ತಾಗುವುದು ಹೇಗೆ?

ಕೀಲಿಮಣೆಯನ್ನೂ ಮರೆಯಬೇಡಿ. ಲೆಕ್ಕ ಬರೆಯುವವರು ಮೌಸ್ ಮುಟ್ಟುವುದೇ ಕಡಿಮೆ. ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೂ ವಿಂಡೋಸ್‌ನಲ್ಲಿ ಇದೇ ಇವೆಂಟ್ ಬರುತ್ತದೆ. ಆಗ ಕ್ಲೈಂಟ್‌ಎಕ್ಸ್, ಕ್ಲೈಂಟ್‌ವೈ (ಇವೆಂಟ್ ಹೇಳುವ ಪಾಯಿಂಟರಿನ ಜಾಗ) ನಂಬದೆ, ಫೋಕಸ್ (ಕೀಲಿಮಣೆ ಸದ್ಯ ನಿಂತ ಜಾಗ) ಇರುವ ಸಾಲಿನ ಅಳತೆ ತೆಗೆದುಕೊಂಡು ಅದರ ಕೆಳಗೆ ತೆರೆಯಿರಿ. ಪರದೆ ಓದುವ ತಂತ್ರಾಂಶಕ್ಕೆ ತಿಳಿಯಲೆಂದು ಮೆನುವಿಗೆ ರೋಲ್ ಮೆನು, ಒಳಗಿನವಕ್ಕೆ ಮೆನುಐಟಂ. ತೆರೆದೊಡನೆ ಫೋಕಸ್ ಮೊದಲ ಐಟಂಗೆ ಹೋಗಲಿ, ಮೇಲೆ ಕೆಳಗೆ ಬಾಣ ಕೀಲಿಗಳು ಓಡಾಡಿಸಲಿ. ಎಸ್ಕೇಪ್ ಒತ್ತಿದಾಗ ಫೋಕಸ್ ಬಂದ ಸಾಲಿಗೇ ಮರಳಬೇಕು. ಈ ಕೊನೆಯದನ್ನು ಬಿಟ್ಟರೆ 300ನೇ ಸಾಲಿನಲ್ಲಿದ್ದ ಗುಮಾಸ್ತ ಮತ್ತೆ ಪುಟದ ತುದಿಯಿಂದ ಟ್ಯಾಬ್ ಒತ್ತುತ್ತ ಬರಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಮ್ಯಾನ್ಯುಯಲ್ ಮಾಡಿದೆ, ಉಬುಂಟುದಾಗ ಗಟ್ಟಿ ನಿಂತ್ತ್ರಿ! ಭಾಳ ಉಪಕಾರ ಆತು. ಚುಕ್ಕಿ ಬಟನ್ನೂ ಹಚ್ಚೀನಿ. ಇನ್ನೊಂದ ಐತಿ: ‘ತಿದ್ದು’, ‘ಪಟ್ಟಿ’, ‘ರದ್ದು’ ಮೂರರಾಗೂ ಒತ್ತಕ್ಷರದ ಕೆಳಗಿನ ಭಾಗ ಕತ್ತರಿಸಿ ಹೋಗ್ಯಾವ. ಫಾಂಟ್ ಬದಲಿ ಮಾಡ್ಲ್ಯಾ?

ಉತ್ತರ:
ಫಾಂಟಿನ ತಪ್ಪಲ್ಲ. ಇಂಗ್ಲಿಷ್ ಅಕ್ಷರಕ್ಕೆ ಅಳತೆ ಹಿಡಿದು ಐಟಂಗೆ 24 ಪಿಕ್ಸೆಲ್ ಎತ್ತರ, ಓವರ್‌ಫ್ಲೋ ಹಿಡನ್ (ಹೊರಚಾಚಿದ್ದನ್ನು ಮರೆಮಾಡುವುದು), ಲೈನ್‌ಹೈಟ್ (ಸಾಲಿನ ಎತ್ತರ) 1 ಕೊಟ್ಟಿರುತ್ತೀರಿ, ನೋಡಿ. ಹೈಟ್ ತೆಗೆದು ಮಿನ್‌ಹೈಟ್ 36 ಮಾಡಿ, ಲೈನ್‌ಹೈಟ್ 1.6 ಕೊಡಿ, ಓವರ್‌ಫ್ಲೋ ಸಾಲು ಅಳಿಸಿ. ನೋಟೋ ಸಾನ್ಸ್ ಕನ್ನಡದಲ್ಲಿ ‘ಮುದ್ರಿಸು’ ಪೂರ್ತಿ ಕಂಡರೆ ಉಳಿದವೂ ಕಾಣುತ್ತವೆ. ಆಮೇಲೆ ಮೆನುವಿನ ಎತ್ತರ ಬದಲಾಗಿರುತ್ತದೆ, ಕಡೇ ಸಾಲಿನ ಮೇಲೆ ಇನ್ನೊಮ್ಮೆ ಒತ್ತಿ ನೋಡಿ.