ಅಪ್‌ಡೇಟ್: ಒತ್ತಿದ ಮೇವಿನ ಬ್ಲಾಕ್ ಕೊಟ್ಟು ಮೂರು ವಾರ ಆಯ್ತು

ಶಿರಸಿ ಹತ್ತಿರದ ನಮ್ಮ ಕೊಟ್ಟಿಗೆಯ ಜರ್ಸಿ ಮಿಶ್ರತಳಿ ಹಸು ಗೌರಿ ಹಿಂಡಿ ಮಾತ್ರ ಆರಿಸಿ ತಿಂದು ಬೈಹುಲ್ಲು ಬಿಡುತ್ತಾಳೆ, ಕೊಚ್ಚಿದ ಹುಲ್ಲು, ಹಿಂಡಿ, ಕಾಕಂಬಿ ಬೆರೆಸಿ ಯಂತ್ರದಲ್ಲಿ ಒತ್ತಿದ ಬ್ಲಾಕ್ ಕೊಡಬಹುದಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಕೊಟ್ಟು ನೋಡಿದೆ.

ಎರಡು ದಿನ ಮೂಸಿ ಮುಖ ತಿರುಗಿಸಿದಳು. ನೀವು ಹೇಳಿದಂತೆ ಒಡೆದು, ನೀರು ಚಿಮುಕಿಸಿ, ಹಳೆ ಹುಲ್ಲಿನ ಜೊತೆ ಬೆರೆಸಿದೆ. ಸರಿಹೋಯಿತು. ಹುಲ್ಲು, ಹಿಂಡಿ, ಕಾಕಂಬಿ ಎಲ್ಲ ಅಂಟಿಕೊಂಡಿದ್ದರೆ ಆರಿಸುವುದು ಹೇಗೆ, ಅಲ್ವಾ? ಮೂತಿಯಿಂದ ಹುಲ್ಲನ್ನು ಬದಿಗೆ ತಳ್ಳಿ ಗೋದಲಿಯ ತಳ ನೆಕ್ಕುತ್ತಿದ್ದವಳು ಈಗ ಎದುರಿಗಿದ್ದದ್ದನ್ನೇ ತಿನ್ನುತ್ತಾಳೆ.

ಎಡವಟ್ಟು ನನ್ನದೇ. ಒಂದು ವಾರ ಬರೀ ಬ್ಲಾಕ್ ಹಾಕಿದೆ. ಗಬಗಬ ತಿಂದು ಮುಗಿಸಿದಳು, ಮೆಲುಕು ಕಡಿಮೆಯಾಯಿತು, ಸಗಣಿ ತೆಳುವಾಯಿತು. ಬ್ಲಾಕಿನ ಹುಲ್ಲು ತೀರಾ ಸಣ್ಣಗೆ ಕೊಚ್ಚಿದ್ದರೆ ಅಗಿಯುವುದು ಕಡಿಮೆ, ಹುಳಿ ತಗ್ಗಿಸುವ ಜೊಲ್ಲು ಕಡಿಮೆ, ಹೊಟ್ಟೆಯಲ್ಲಿ ಹುಳಿ ಜಾಸ್ತಿ. ಈಗ ಸಂಜೆ ಉದ್ದ ಹುಲ್ಲು ಒಂದು ಕಟ್ಟು ಹಾಕುತ್ತೇನೆ. ರಾತ್ರಿ ಮೆಲುಕಿನ ಸದ್ದು ಮತ್ತೆ ಕೇಳುತ್ತದೆ.

ಹಾಲು? ಅಂಥ ವ್ಯತ್ಯಾಸವಿಲ್ಲ. ಪಕ್ಕದ ಮಲೆನಾಡು ಗಿಡ್ಡ (ನಮ್ಮ ಕಡೆಯ ಪುಟ್ಟ ನಾಟಿ ತಳಿ) ಬ್ಲಾಕ್ ಮುಟ್ಟಿಯೂ ನೋಡಿಲ್ಲ, ಅದಕ್ಕೆ ಬೆಟ್ಟದ ಮೇವೇ ಆಗಬೇಕು. ಮಳೆಗಾಲಕ್ಕೆ ಬೂಷ್ಟು ಹಿಡಿಯದಂತೆ ಬ್ಲಾಕನ್ನು ಅಟ್ಟದ ಮೇಲೆ ಇಡುತ್ತೇನೆ.